ಕೊಂಡಿ ಹಾಕುವ ಮುನ್ನ ತೂಕ ನೋಡಿ

ಓದುಗರ ಪ್ರಶ್ನೆಗೆ ದನದ ಡಾಕ್ಟರ ಉತ್ತರ

ಹೋದ ಸಂಚಿಕೆಯಲ್ಲಿ ನನ್ನ ಪಿಕಪ್ಪು ಮತ್ತು ದನ ಸಾಗಿಸುವ ಟ್ರೇಲರಿನ ಫೋಟೊ ಅಚ್ಚಾಗಿತ್ತು. ಕೆಚ್ಚಲು ಬಾವು, ಕರುವಿನ ಭೇದಿ ಎಂದು ಬರುತ್ತಿದ್ದ ಕಾಗದಗಳ ಜಾಗದಲ್ಲಿ ಈ ಸಲ ಟ್ರೇಲರ್ ಪ್ರಶ್ನೆಗಳೇ ತುಂಬಿವೆ. ನನಗೆ ಸಂತೋಷವೇ ಆಯಿತು. ನಾನು ಹೆಬ್ಬಾಳದಲ್ಲಿ ಓದಿ ಬಂದ ಪಶುವೈದ್ಯೆ. ಕೆಲಸ ಟೆಕ್ಸಾಸಿನ ಅಮರಿಲ್ಲೊ ಸುತ್ತಮುತ್ತ, ಹೆರ್‌ಫರ್ಡ್ ಕಡೆಯ, ದನ ಕೊಬ್ಬಿಸುವ ಫೀಡ್‌ಲಾಟುಗಳಲ್ಲಿ. ಇಲ್ಲಿ ಟ್ರೇಲರ್ ಎಳೆಯಲು ಬಾರದ ದನದ ಡಾಕ್ಟರಿಗೆ ಕೆಲಸ ನಡೆಯುವುದಿಲ್ಲ.

ಟೆಕ್ಸಾಸಿನಲ್ಲಿ ಕಾರು ಓಡಿಸುವ ಸಾಮಾನ್ಯ ಲೈಸೆನ್ಸಿನಲ್ಲೇ ಪಿಕಪ್ಪು, ಟ್ರೇಲರು ಎರಡೂ ಸೇರಿ 26,000 ಪೌಂಡಿನವರೆಗೆ, ಅಂದರೆ ಹನ್ನೊಂದೂವರೆ ಟನ್ನಿಗೂ ಮೇಲೆ, ಎಳೆದುಕೊಂಡು ಹೋಗಬಹುದು. ಅದಕ್ಕೆ ಬೇರೆ ಪರೀಕ್ಷೆ ಇಲ್ಲ, ಕಲಿಸುವವರೂ ಇಲ್ಲ. ಕಂಪ್ಯೂಟರ್ ಕೆಲಸದ ನಮ್ಮ ಹುಡುಗರು ಶುಕ್ರವಾರ ಟ್ರೇಲರ್ ಕೊಂಡು ಶನಿವಾರ ಹೆದ್ದಾರಿಗೆ ಇಳಿಯುತ್ತಾರೆ. ಅದಕ್ಕೇ ಈ ತಿಂಗಳ ಪುಟಗಳನ್ನೆಲ್ಲ ಇದಕ್ಕೇ ಬಿಟ್ಟುಕೊಡಿ ಎಂದು ಸಂಪಾದಕರನ್ನು ಕೇಳಿಕೊಂಡೆ.

ಪ್ರಶ್ನೆ: ಮೇಡಂ, ನಮ್ಮದು ಹೊಸ ಹಾಫ್-ಟನ್ ದರ್ಜೆಯ ಪಿಕಪ್. 11,000 ಪೌಂಡ್ ಎಳೆಯುತ್ತದೆ ಎಂದು ಷೋರೂಮಿನವರು ಹೇಳಿದ್ದಾರೆ. ನಾವು ನೋಡಿಟ್ಟಿರುವ ಟ್ರಾವೆಲ್ ಟ್ರೇಲರ್ (ಒಳಗೇ ಹಾಸಿಗೆ, ಅಡಿಗೆಮನೆ ಇರುವುದು) 30 ಅಡಿ ಉದ್ದ. ಖಾಲಿ ತೂಕ 6,700 ಪೌಂಡ್, ಗರಿಷ್ಠ 8,600. ಡ್ರೈವರ್ ಬಾಗಿಲ ಕಂಬದ ಚೀಟಿಯಲ್ಲಿ ಮಾತ್ರ 1,480 ಪೌಂಡ್ ಎಂದಿದೆ. ಅದೇನು? ನಾವಿಬ್ಬರು, ಇಬ್ಬರು ಮಕ್ಕಳು. ಬೇಸಿಗೆಗೆ ಕೊಲರಾಡೊಗೆ ಹೋಗಬೇಕು. ಧೈರ್ಯವಾಗಿ ತಗೊಳ್ಳಬಹುದಾ? (ಡಲ್ಲಾಸ್ ಬಳಿಯ ಫ್ರಿಸ್ಕೋದಿಂದ)

ಉತ್ತರ: ಬೇಡ. ಈ ಟ್ರೇಲರ್ ನಿಮ್ಮ ಗಾಡಿಗೆ ಭಾರ. ಯಾಕೆ ಎಂದು ಲೆಕ್ಕ ಹಾಕಿ ತೋರಿಸುತ್ತೇನೆ, ಪೆನ್ನು ತಗೊಳ್ಳಿ.

ನೀವು ಮೊದಲು ಓದಬೇಕಾದದ್ದು ಆ ಹಳದಿ-ಬಿಳಿ ಚೀಟಿಯನ್ನೇ. ಗಾಡಿಯೊಳಗೆ ಕೂರುವ ಜನ, ಹಿಂದೆ ಹಾಕುವ ಸಾಮಾನು, ಅದರ ಜೊತೆಗೆ ಟ್ರೇಲರಿನ ಕೊಂಡಿ ಪಿಕಪ್ಪಿನ ಮೇಲೆ ಹೇರುವ ಭಾರ, ಇಷ್ಟೂ ಸೇರಿ 1,480 ಪೌಂಡ್ ದಾಟಬಾರದು ಎಂದು ಅದರ ಅರ್ಥ. ಕೊಂಡಿಯ ಮೇಲೆ ಕೂರುವ ಈ ಭಾರಕ್ಕೆ ಇಲ್ಲಿ ಎಲ್ಲರೂ ಟಂಗ್ ವೇಟ್ ಅನ್ನುತ್ತಾರೆ. ಬಾಲ್ ಹಿಚ್ಚಿನ, ಅಂದರೆ ಪಿಕಪ್ಪಿನ ಹಿಂದಿನ ಕಬ್ಬಿಣದ ಉಂಡೆಯ ಮೇಲೆ ಕೂರುವ ಕೊಂಡಿಯ, ಟ್ರೇಲರಿಗೆ ಅದು ಒಟ್ಟು ತೂಕದ ನೂರಕ್ಕೆ 10ರಿಂದ 15 ಇರಬೇಕು. ನಾನು 13 ಹಿಡಿಯುತ್ತೇನೆ. 8,600ಕ್ಕೆ 13 ಪರ್ಸೆಂಟ್ ಅಂದರೆ 1,118 ಪೌಂಡ್. ನೀವು ನಾಲ್ಕು ಜನ ಸೇರಿ 450 ಅನ್ನೋಣ. ಕೊಂಡಿಯ ಭಾರವನ್ನು ಎಲ್ಲ ಆಕ್ಸಲುಗಳಿಗೂ ಹಂಚುವ ಹಿಚ್ಚಿನ ಕಬ್ಬಿಣವೇ ಸುಮಾರು 90. ಒಟ್ಟು 1,658. ಒಂದು ಕೂಲರನ್ನೂ ಹತ್ತಿಸುವ ಮೊದಲೇ 178 ಪೌಂಡ್ ಹೆಚ್ಚಾಯಿತು. ಊರಿಂದ ಅಪ್ಪ ಅಮ್ಮ ಬಂದರೆ ಇನ್ನೊಂದು 300 ಸೇರಿಸಿ.

ಹಾಗಾದರೆ ಆ 11,000 ಎಲ್ಲಿಂದ ಬಂತು? ಅದು ಸುಳ್ಳಲ್ಲ. ಎಸ್‌ಎಇ ಜೆ2807 ಎಂಬ ಮಾನದಂಡದ ಪ್ರಕಾರ ಕಂಪನಿಗಳು ಪರೀಕ್ಷೆ ಮಾಡಿ ಆ ಅಂಕಿ ಕೊಡುತ್ತವೆ. ಅರಿಜೋನಾದ ಡೇವಿಸ್ ಡ್ಯಾಮ್ ಏರನ್ನು ಏಸಿ ಹಾಕಿಕೊಂಡೇ ಹತ್ತಿಸುವುದು ಅದರಲ್ಲಿ ಒಂದು ಪರೀಕ್ಷೆ. ಆದರೆ ಆ ಲೆಕ್ಕದಲ್ಲಿ ಗಾಡಿಯೊಳಗೆ ಇರುವವರು ತಲಾ 150 ಪೌಂಡಿನ ಇಬ್ಬರೇ. ನಿಮ್ಮ ಸಂಸಾರ ಅದರಲ್ಲಿ ಇಲ್ಲ. ಸನ್‌ರೂಫು, ಫೋರ್-ವೀಲ್ ಡ್ರೈವು, ದೊಡ್ಡ ಕ್ಯಾಬಿನ್ನು ಹೀಗೆ ಒಂದೊಂದು ಸೌಕರ್ಯ ಸೇರಿದಂತೆಲ್ಲ ಚೀಟಿಯ ಅಂಕಿ ಇಳಿಯುತ್ತದೆ. ಒಂದೇ ಮಾಡೆಲಿನ ಎರಡು ಗಾಡಿಗಳ ಚೀಟಿ ನೋಡಿ, ನೂರಾರು ಪೌಂಡ್ ವ್ಯತ್ಯಾಸ ಇರುತ್ತದೆ. ಕೊಳ್ಳುವ ಮುಂಚೆ ನಿಮ್ಮದೇ ಗಾಡಿಯ ಬಾಗಿಲು ತೆಗೆದು ಓದಬೇಕು. ಕ್ಯಾಟಲಾಗ್ ನೋಡಿದರೆ ಸಾಲದು.

ಟಂಗ್ ವೇಟ್ 10 ಪರ್ಸೆಂಟೇ ಹಿಡಿಯಿರಿ, ಸರಿಹೋಗುತ್ತದೆ ಎಂದು ನಿಮಗೆ ಯಾರಾದರೂ ಹೇಳುತ್ತಾರೆ. ಕಾಗದದ ಮೇಲೆ ಸರಿಹೋಗುತ್ತದೆ, ನಿಜ. 860 ಸೇರಿದರೆ ಒಟ್ಟು 1,400. ಆದರೆ ನೀವು ಕೊಲರಾಡೊಗೆ ಹೋಗುವುದು ಹೈವೇ 287ರಲ್ಲಿ, ನಮ್ಮ ಅಮರಿಲ್ಲೊ ಮೇಲೆಯೇ. ಇಲ್ಲಿ ಅಡ್ಡಗಾಳಿ ತಡೆಯಲು ಒಂದು ಮರ ಇಲ್ಲ, ಗುಡ್ಡ ಇಲ್ಲ. 30 ಅಡಿ ಉದ್ದದ ತಗಡಿನ ಗೋಡೆಯನ್ನು ಕಮ್ಮಿ ಟಂಗ್ ವೇಟಿನಲ್ಲಿ ಈ ಗಾಳಿಗೆ ಒಡ್ಡಬೇಡಿ, ಕೈಮುಗಿದು ಕೇಳುತ್ತೇನೆ.

ಖಾಲಿ ತೂಕ ಎಂಬ ಅಂಕಿಯನ್ನೂ ಮರೆತುಬಿಡಿ. ಅದರಲ್ಲಿ ನೀರಿಲ್ಲ, ಎಷ್ಟೋ ಸಲ ಗ್ಯಾಸು, ಬ್ಯಾಟರಿ ಕೂಡ ಇರುವುದಿಲ್ಲ. ಒಂದು ಗ್ಯಾಲನ್ ನೀರು 8.3 ಪೌಂಡ್. 40 ಗ್ಯಾಲನ್ ಟ್ಯಾಂಕು ತುಂಬಿಸಿದರೆ 330 ದಾಟುತ್ತದೆ. ಆಮೇಲೆ ನಮ್ಮವರ ಅಡಿಗೆಮನೆ ಹತ್ತುತ್ತದೆ. ಸೋನಾ ಮಸೂರಿ ಚೀಲ, ಐದು ಲೀಟರ್ ಕುಕ್ಕರು, ವೆಟ್ ಗ್ರೈಂಡರು. ಮೂರು ದಿನದ ಪ್ರವಾಸಕ್ಕೆ ಗ್ರೈಂಡರ್ ಹೊತ್ತು ಹೊರಟ ಮನೆಯವರನ್ನು ನಾನು ಬಲ್ಲೆ. ತಪ್ಪೇನಿಲ್ಲ, ಇಡ್ಲಿ ಬೇಕಲ್ಲ. ಅದನ್ನೂ ಲೆಕ್ಕಕ್ಕೆ ಹಿಡಿಯಿರಿ, ಅಷ್ಟೆ.

ಹಿಂದಿನಿಂದ ಲೆಕ್ಕ ಹಾಕಿ. 1,480ರಲ್ಲಿ ನಿಮ್ಮ 450, ಹಿಚ್ಚಿನ 90, ಸಣ್ಣಪುಟ್ಟ ಸಾಮಾನಿನ 100 ಕಳೆದರೆ ಉಳಿಯುವುದು 840. ಅದು 13 ಪರ್ಸೆಂಟ್ ಆಗಬೇಕಾದರೆ ಟ್ರೇಲರಿನ ಗರಿಷ್ಠ ತೂಕ 6,500ರ ಒಳಗಿರಬೇಕು. ಅಂಥವು 22–24 ಅಡಿಯಲ್ಲಿ ಬೇಕಾದಷ್ಟು ಸಿಗುತ್ತವೆ. 30 ಅಡಿಯದೇ ಬೇಕೆಂದರೆ ಒಂದು ದರ್ಜೆ ಮೇಲಿನ, ಮುಕ್ಕಾಲು ಟನ್ನಿನ ಪಿಕಪ್ಪು ನೋಡಿ. ಪಿಕಪ್ಪಿನ ಹಿಂದೆ ಹಿಚ್ ತೂರಿಸುವ ರಿಸೀವರಿನ ಮೇಲೆ ಅಂಟಿಸಿರುವ ಚೀಟಿಯನ್ನೂ ಓದಿ. ಭಾರ ಹಂಚುವ ಹಿಚ್ ಇಲ್ಲದಿದ್ದರೆ ಇಷ್ಟು, ಇದ್ದರೆ ಇಷ್ಟು ಎಂದು ಎರಡು ಬೇರೆ ಅಂಕಿ ಅಲ್ಲಿರಬಹುದು.

ಟ್ರೇಲರ್ ಕೊಂಡ ಮೇಲೆ, ಸಾಮಾನು ತುಂಬಿ, ಮನೆಮಂದಿಯೆಲ್ಲ ಕೂತು, ಹೆದ್ದಾರಿಯ ಟ್ರಕ್ ಸ್ಟಾಪಿನಲ್ಲಿರುವ ಕ್ಯಾಟ್ ಸ್ಕೇಲಿಗೆ ಹೋಗಿ ತೂಕ ಹಾಕಿಸಿ. ಮೊದಲು ಟ್ರೇಲರ್ ಸಮೇತ, ಭಾರ ಹಂಚುವ ಸರಳುಗಳನ್ನು ಬಿಚ್ಚಿ. ಆಮೇಲೆ ಟ್ರೇಲರ್ ಬಿಟ್ಟು ಪಿಕಪ್ಪೊಂದೇ. ಪಿಕಪ್ಪಿನ ಎರಡು ಆಕ್ಸಲ್ ಸೇರಿ ಒಂಟಿಯಾಗಿ 6,300, ಟ್ರೇಲರ್ ಹಾಕಿದಾಗ 7,150 ಬಂತು ಅನ್ನಿ. ವ್ಯತ್ಯಾಸ 850, ಅದೇ ನಿಮ್ಮ ಟಂಗ್ ವೇಟ್. ಟ್ರೇಲರಿನ ಆಕ್ಸಲ್ 5,550 ತೋರಿಸಿದರೆ ಟ್ರೇಲರಿನ ನಿಜವಾದ ತೂಕ 6,400. ಇದು ಅರ್ಧ ಗಂಟೆಯ ಕೆಲಸ. ಆ ಚೀಟಿಯನ್ನು ಗ್ಲವ್ ಬಾಕ್ಸಿನಲ್ಲಿ ಇಟ್ಟುಕೊಂಡು ಹೊರಡಿ.

ಪ್ರಶ್ನೆ: ಡಾಕ್ಟ್ರೇ, ನಮ್ಮ ಕನ್ನಡ ಕೂಟದ ಗಣೇಶ ಹಬ್ಬಕ್ಕೆ ಬಾಡಿಗೆಯ ಮುಚ್ಚಿದ ಟ್ರೇಲರಿನಲ್ಲಿ ಸಾಮಾನು ತಂದೆ. ಇಳಿಸಲು ಸುಲಭವಾಗಲಿ ಎಂದು ಹಂಡೆ, ಒಲೆ, ಜನರೇಟರು ಎಲ್ಲ ಬಾಗಿಲ ಹತ್ತಿರ, ಪರದೆ, ಬಟ್ಟೆ, ಅಲಂಕಾರದ ಸಾಮಾನು ಮುಂದೆ. 65 ಮೈಲಿ ವೇಗದಲ್ಲಿ ಒಂದು ದೊಡ್ಡ ಲಾರಿ ಪಕ್ಕದಲ್ಲಿ ಹೋದದ್ದೇ ಟ್ರೇಲರ್ ಬಾಲ ಬೀಸತೊಡಗಿತು. ಬ್ರೇಕ್ ಹಾಕಿದೆ, ಇನ್ನೂ ಜೋರಾಯಿತು. ಹೇಗೋ ನಿಂತಿತು. ಗಾಳಿಯಿಂದ ಹೀಗಾಯಿತಾ? (ಹ್ಯೂಸ್ಟನ್‌ನಿಂದ)

ಉತ್ತರ: ನೀವು, ನಿಮ್ಮ ಹಿಂದೆ ಬರುತ್ತಿದ್ದವರು ಎಲ್ಲ ಉಳಿದದ್ದು ದೊಡ್ಡದು. ಲಾರಿಯ ಗಾಳಿ ಬರೀ ನೆಪ. ಕಾರಣವನ್ನು ನೀವೇ ಬರೆದಿದ್ದೀರಿ: ಹಂಡೆ, ಒಲೆ, ಜನರೇಟರು ಬಾಗಿಲ ಹತ್ತಿರ.

ಪಾಂಡವಪುರದ ಹತ್ತಿರದ ನಮ್ಮೂರಿನಲ್ಲಿ ಎತ್ತಿನಗಾಡಿಗೆ ಹೇರು ಹಾಕುವವರು ಮೊದಲು ನೋಡುತ್ತಿದ್ದದ್ದು ನೊಗದವರೆಗೆ ಚಾಚಿದ ಮೂಕಿಯ ಮರವನ್ನು. ಹಿಂಭಾರವಾದರೆ ಮೂಕಿ ಮೇಲೇಳುತ್ತದೆ, ನೊಗ ಎತ್ತಿನ ಕುತ್ತಿಗೆ ಬಿಟ್ಟು ಗಂಟಲಿಗೆ ಒತ್ತುತ್ತದೆ. ಮುಂಭಾರ ತೀರಾ ಹೆಚ್ಚಾದರೆ ಎತ್ತು ಕುಸಿಯುತ್ತದೆ. ಹದವಾಗಿ ಮುಂಭಾರ ಇರಬೇಕು. ನಿಮ್ಮ ಟ್ರೇಲರಿಗೂ ಬೇಕಾದದ್ದು ಅಷ್ಟೇ. ಹಿಂಭಾರವಾದ ಟ್ರೇಲರ್ ಹಿಚ್ಚಿನ ಬಾಲನ್ನು ಕೆಳಗೆ ಒತ್ತುವ ಬದಲು ಮೇಲಕ್ಕೆ ಎತ್ತುತ್ತದೆ. ಪಿಕಪ್ಪಿನ ಹಿಂದಿನ ಚಕ್ರಗಳ ಹಿಡಿತ ಸಡಿಲುತ್ತದೆ. ಒಮ್ಮೆ ಓಲಾಟ ಶುರುವಾದರೆ ಹಿಂದಿರುವ ಭಾರವೇ ಅದನ್ನು ಪ್ರತಿ ಸಲವೂ ಹೆಚ್ಚಿಸುತ್ತಾ ಹೋಗುತ್ತದೆ. ವೇಗ ಕಮ್ಮಿ ಇದ್ದಾಗ ಅದು ತಾನೇ ನಿಲ್ಲುತ್ತದೆ. ಒಂದು ವೇಗ ದಾಟಿದ ಮೇಲೆ ತಾನಾಗಿ ನಿಲ್ಲುವುದಿಲ್ಲ. 50ರಲ್ಲಿ ಸುಮ್ಮನಿದ್ದ ಟ್ರೇಲರ್ 65ರಲ್ಲಿ ತಿರುಗಿಬಿದ್ದದ್ದು ಅದಕ್ಕೇ.

ಮುಂದಿನ ಸಲ ಒಟ್ಟು ಸಾಮಾನಿನ ನೂರಕ್ಕೆ 60 ಪಾಲು ಟ್ರೇಲರಿನ ಮುಂದಿನ ಅರ್ಧದಲ್ಲಿ ಇರಲಿ. ಭಾರವಾದದ್ದೆಲ್ಲ ತಳದಲ್ಲಿ, ಆಕ್ಸಲಿಗೆ ಸ್ವಲ್ಪ ಮುಂದೆ, ಎಡಬಲ ಸಮವಾಗಿ. ಜನರೇಟರನ್ನು ಪಟ್ಟಿ ಹಾಕಿ ಬಿಗಿಯಿರಿ. ಜರುಗಿದ ಜನರೇಟರು ನೀವು ಮಾಡಿದ ಲೆಕ್ಕವನ್ನೆಲ್ಲ ಕೆಡಿಸುತ್ತದೆ. ಹಗುರವಾದ ಪರದೆ, ಬಟ್ಟೆ, ಥರ್ಮೊಕೋಲು ಬಾಗಿಲ ಹತ್ತಿರ. ಇಳಿಸುವಾಗ ಸ್ವಲ್ಪ ಕಷ್ಟವಾಗುತ್ತದೆ, ಕೂಟದ ಹುಡುಗರನ್ನು ನಾಲ್ಕು ಜನ ಹೆಚ್ಚಿಗೆ ಕರೆಯಿರಿ.

ಟಂಗ್ ವೇಟನ್ನು ಮನೆಯಲ್ಲೇ ಅಳೆಯಬಹುದು. ಬಾತ್‌ರೂಮಿನ ತೂಕದ ಯಂತ್ರಕ್ಕೆ ನೇರವಾಗಿ ಹೇರಿದರೆ ಅದು ತಾಳುವುದಿಲ್ಲ. ಅದಕ್ಕೊಂದು ಉಪಾಯ ಇದೆ. ಗಟ್ಟಿ ಹಲಗೆಯ ಒಂದು ತುದಿಗೆ ಇಟ್ಟಿಗೆ, ಇನ್ನೊಂದು ತುದಿಗೆ ತೂಕದ ಯಂತ್ರ ಕೊಡಿ. ಟ್ರೇಲರಿನ ಮೂತಿಯನ್ನು ಇಟ್ಟಿಗೆಯಿಂದ ಒಂದು ಅಡಿ, ಯಂತ್ರದಿಂದ ಎರಡು ಅಡಿ ದೂರದಲ್ಲಿ ಹಲಗೆಯ ಮೇಲೆ ಇಳಿಸಿ. ಯಂತ್ರ ತೋರಿಸಿದ್ದನ್ನು ಮೂರರಿಂದ ಗುಣಿಸಿ. ಚಕ್ರಗಳಿಗೆ ಮೊದಲು ಅಡ್ಡಗಲ್ಲು ಕೊಟ್ಟಿರಬೇಕು, ಟ್ರೇಲರ್ ಮಟ್ಟವಾಗಿ ನಿಂತಿರಬೇಕು. 4,000 ಪೌಂಡಿನ ಟ್ರೇಲರಿಗೆ 400ರಿಂದ 600ರ ಒಳಗೆ ಬರಬೇಕು. 200 ಬಂದರೆ ಹೊರಡಬೇಡಿ.

ಇನ್ನೊಮ್ಮೆ ಓಲಾಡಿದರೆ ಹೀಗೆ ಮಾಡಿ. ಕಾಲನ್ನು ಆಕ್ಸಿಲರೇಟರಿನಿಂದ ತೆಗೆಯಿರಿ. ಸ್ಟೀರಿಂಗನ್ನು ನೇರವಾಗಿ ಹಿಡಿದುಕೊಳ್ಳಿ, ಟ್ರೇಲರ್ ಓಲಿದ ಹಾಗೆಲ್ಲ ತಿರುಗಿಸಿ ಸರಿಮಾಡಲು ಹೋಗಬೇಡಿ. ಪಿಕಪ್ಪಿನ ಬ್ರೇಕ್ ತುಳಿಯಬೇಡಿ. ಟ್ರೇಲರ್ ಬ್ರೇಕ್ ಕಂಟ್ರೋಲರ್ ಇದ್ದರೆ ಅದರ ಸಣ್ಣ ಹಿಡಿಯನ್ನು ಕೈಯಿಂದ ಮೆಲ್ಲಗೆ ಒತ್ತಿ. ಆಗ ಟ್ರೇಲರ್ ಮಾತ್ರ ಬ್ರೇಕ್ ಹಿಡಿದು ಹಿಂದಕ್ಕೆ ಜಗ್ಗುತ್ತದೆ, ಜೋಡಿ ನೇರವಾಗುತ್ತದೆ. ವೇಗ ಹೆಚ್ಚಿಸಿದರೆ ಸರಿಹೋಗುತ್ತದೆ ಎಂದು ಹೇಳುವವರ ಮಾತು ಕೇಳಬೇಡಿ. ನಿಂತ ಮೇಲೆ ಸಾಮಾನು ಸರಿಸಿ ಜೋಡಿಸದೆ ಮತ್ತೆ ಹೊರಡಬೇಡಿ.

ಬಾಡಿಗೆ ಟ್ರೇಲರ್ ಅಂದದ್ದಕ್ಕೆ ಇನ್ನೊಂದು ಮಾತು. ಬಾಲಿನ ಮೇಲೆ ಕೂರುವ ಟ್ರೇಲರಿನ ಮೂತಿ, ಅಂದರೆ ಕಪ್ಲರ್, ಎರಡು ಇಂಚಿನದಾಗಿದ್ದು ನಿಮ್ಮ ಬಾಲ್ 1⅞ ಇಂಚಿನದಾದರೆ ಅದು ಕೂರುತ್ತದೆ, ಬೀಗವೂ ಬೀಳುತ್ತದೆ, ಮೊದಲ ದೊಡ್ಡ ಗುಂಡಿಗೆ ಕಳಚುತ್ತದೆ. ಬಾಲಿನ ತಲೆಯ ಮೇಲೆ ಅಳತೆ ಕೆತ್ತಿರುತ್ತದೆ, ಓದಿ. ಕೊಂಡಿ ಹಾಕಿದ ಮೇಲೆ ಟ್ರೇಲರಿನ ಜ್ಯಾಕನ್ನು ತಿರುಗಿಸಿ ಮೂತಿಯನ್ನು ಎತ್ತಿ ನೋಡಿ. ಪಿಕಪ್ಪಿನ ಹಿಂಭಾಗವೂ ಜೊತೆಗೇ ಎದ್ದರೆ ಕೂತಿದೆ ಎಂದರ್ಥ. ಸೇಫ್ಟಿ ಚೈನುಗಳನ್ನು ಕಪ್ಲರಿನ ಕೆಳಗೆ ಅಡ್ಡಡ್ಡ ದಾಟಿಸಿ ಹಾಕಿ. ಕಪ್ಲರ್ ಕಳಚಿದರೂ ಮೂತಿ ರಸ್ತೆಗೆ ಚುಚ್ಚಿಕೊಳ್ಳದೆ ಅವುಗಳ ಮೇಲೆ ಕೂರುತ್ತದೆ.

ಪ್ರಶ್ನೆ: ಅತ್ತೆ-ಮಾವ ಮೈಸೂರಿನಿಂದ ಬಂದಿದ್ದಾರೆ. ಮಾವನವರಿಗೆ ಬೆನ್ನುನೋವು. ಪ್ರಯಾಣದಲ್ಲಿ ಟ್ರೇಲರಿನೊಳಗೆ ಹಾಸಿಗೆಯ ಮೇಲೆ ಮಲಗಿಸಿಕೊಂಡು ಹೋಗಬಹುದಾ? (ಆಸ್ಟಿನ್‌ನಿಂದ)

ಉತ್ತರ: ಖಂಡಿತ ಬೇಡಮ್ಮ. ಟ್ರಾವೆಲ್ ಟ್ರೇಲರಿನೊಳಗೆ ಸೀಟ್ ಬೆಲ್ಟ್ ಇಲ್ಲ, ಅದರ ಗೋಡೆಗಳು ಅಪಘಾತ ತಡೆಯುವಂಥವಲ್ಲ, ಬಹಳಷ್ಟು ರಾಜ್ಯಗಳಲ್ಲಿ ಕಾನೂನೂ ಒಪ್ಪುವುದಿಲ್ಲ. ಮಾವನವರನ್ನು ಪಿಕಪ್ಪಿನ ಮುಂದಿನ ಸೀಟಿನಲ್ಲಿ ಕೂರಿಸಿ, ಸೊಂಟಕ್ಕೆ ದಿಂಬು ಕೊಡಿ, ಎರಡು ಗಂಟೆಗೊಮ್ಮೆ ನಿಲ್ಲಿಸಿ ನಡೆಸಿ. ಟ್ರೇಲರ್ ನಿಂತ ಮೇಲೆ ಹಾಸಿಗೆ ಅವರದೇ.

ಪ್ರಶ್ನೆ: ಊರ ಹೊರಗೆ ಹತ್ತು ಎಕರೆ ತಗೊಂಡಿದ್ದೇವೆ. ಎರಡು ಹಸು ಕೊಂಡು ತರಬೇಕು. ಹಳೆಯ 16 ಅಡಿಯ ದನದ ಟ್ರೇಲರೊಂದು ಅಗ್ಗಕ್ಕೆ ಸಿಗುತ್ತಿದೆ. ಏನು ನೋಡಬೇಕು? (ಸ್ಯಾನ್ ಆಂಟೋನಿಯೊ ಕಡೆಯಿಂದ)

ಉತ್ತರ: ಟ್ರೇಲರಿನ ನೆಲ ನೋಡಿ. ರಬ್ಬರ್ ಮ್ಯಾಟನ್ನು ಪೂರ್ತಿ ಎತ್ತಿಸಿ, ಮರದ ನೆಲವನ್ನು ಸ್ಕ್ರೂಡ್ರೈವರಿನಿಂದ ಚುಚ್ಚುತ್ತಾ ಹೋಗಿ, ಮೂಲೆಗಳಲ್ಲಿ ಮತ್ತು ಬಾಗಿಲ ಹೊಸ್ತಿಲ ಹತ್ತಿರ ಮುಖ್ಯವಾಗಿ. ಗಂಜಲ ಮ್ಯಾಟಿನ ಕೆಳಗೆ ಇಳಿದು ಒಣಗದೆ ನಿಂತಿರುತ್ತದೆ. ಮೇಲಿನಿಂದ ನೋಡಿದರೆ ಹಲಗೆ ಚೆನ್ನಾಗಿಯೇ ಕಾಣುತ್ತದೆ, ಸ್ಕ್ರೂಡ್ರೈವರ್ ಮಾತ್ರ ಒಳಗೆ ಹೋಗುತ್ತದೆ. ಆಮೇಲೆ ಟ್ರೇಲರಿನ ಅಡಿಗೆ ತೂರಿ ಅಡ್ಡಪಟ್ಟಿಗಳ ಬೆಸುಗೆ ನೋಡಿ. ಓಡುವ ಟ್ರೇಲರಿನಲ್ಲಿ ನೆಲ ಕುಸಿದು ಕಾಲು ರಸ್ತೆಗೆ ತಗುಲಿದ ಪ್ರಾಣಿಗೆ ನಾನು ಮಾಡಬಹುದಾದ ಚಿಕಿತ್ಸೆ ಒಂದೇ ಒಂದು. ಅದನ್ನು ಮಾಡುವುದು ನನಗೆ ಇಷ್ಟವಿಲ್ಲ.

ದನದ ತೂಕದಲ್ಲಿ ಒಂದು ವಿಶೇಷ ಇದೆ: ಅದು ನಡೆದಾಡುತ್ತದೆ. 1,200 ಪೌಂಡಿನ ಎರಡು ಹಸುಗಳು ಹಿಂದಿನ ಬಾಗಿಲಿಗೆ ಹೋಗಿ ನಿಂತರೆ ಹ್ಯೂಸ್ಟನ್‌ನವರ ಹಂಡೆಗಳ ಕಥೆಯೇ. ನಡುವಿನ ಗೇಟು ಇರುವ ಟ್ರೇಲರನ್ನೇ ಕೊಳ್ಳಿ, ಹಸುಗಳನ್ನು ಮುಂದಿನ ಕೋಣೆಗೆ ಬಿಟ್ಟು ಗೇಟು ಹಾಕಿ. ನೆಲಕ್ಕೆ ಮರದ ಹೊಟ್ಟು ಹರಡಿ, ಸೆಗಣಿಯಲ್ಲಿ ಕಾಲು ಜಾರದಂತೆ. ಹಸುವಿಗೆ ನಿಮ್ಮ ಮುಂದಿನ ತಿರುವು ಕಾಣುವುದಿಲ್ಲ. ತಿರುವಿಗೆ ಮುಂಚೆಯೇ ವೇಗ ಇಳಿಸಿ, ತಿರುವು ಪೂರ್ತಿ ಮುಗಿದ ಮೇಲೆ ಏರಿಸಿ, ನಿಲ್ಲಿಸುವಾಗ ದೂರದಿಂದಲೇ ನಿಧಾನಿಸುತ್ತಾ ಬನ್ನಿ. ಜುಲೈ-ಆಗಸ್ಟಿನಲ್ಲಿ ನಸುಕಿಗೇ ಹೊರಡಿ. ಹೊರಟ ಮೇಲೆ ಊಟಕ್ಕೆಂದು ಬಿಸಿಲಲ್ಲಿ ನಿಲ್ಲಿಸಬೇಡಿ. ಗಾಡಿ ಓಡುತ್ತಿದ್ದರೆ ಒಳಗೆ ಗಾಳಿ ಆಡುತ್ತದೆ, ನಿಂತರೆ ತಗಡು ಕಾಯುತ್ತದೆ.

ಟೆಕ್ಸಾಸಿನಲ್ಲಿ ಟ್ರೇಲರಿನ ಒಟ್ಟು ತೂಕ 4,500 ಪೌಂಡ್ ದಾಟಿದರೆ ಅದಕ್ಕೆ ಬ್ರೇಕ್ ಇರಲೇಬೇಕು. ನಿಮ್ಮದು ಎರಡು ಹಸು ಹತ್ತಿದರೆ ದಾಟುತ್ತದೆ. ಹಳೆಯ ಟ್ರೇಲರಿನಲ್ಲಿ ಬ್ರೇಕಿನ ವೈರ್ ಕತ್ತರಿಸಿಟ್ಟಿರುವುದು ಸಾಮಾನ್ಯ. ಕೊಳ್ಳುವ ದಿನವೇ ನಿಮ್ಮ ಪಿಕಪ್ಪಿಗೆ ಹಾಕಿ, ಅಂಗಳದಲ್ಲಿ ಓಡಿಸಿ ನೋಡಿ.

ಪ್ರಶ್ನೆ: ಕೊಲರಾಡೊ ಸ್ಪ್ರಿಂಗ್ಸ್‌ನಿಂದ ವಾಪಸ್ ಬರುವಾಗ ರಟೋನ್ ಪಾಸ್ ಘಾಟಿಯ ಇಳಿಜಾರಿನಲ್ಲಿ ಬ್ರೇಕಿನ ಸುಟ್ಟ ವಾಸನೆ ಬಂತು. ಕೆಳಗೆ ಬರುವ ಹೊತ್ತಿಗೆ ಪೆಡಲ್ ಮೆತ್ತಗಾಗಿತ್ತು. ಬ್ರೇಕ್ ಪ್ಯಾಡ್ ಹೊಸದು. ಏನು ತೊಂದರೆ? (ಪ್ಲೇನೋದಿಂದ)

ಉತ್ತರ: ಪ್ಯಾಡಿನ ತೊಂದರೆ ಅಲ್ಲ, ಇಳಿಯುವ ಕ್ರಮದ್ದು. ರಟೋನ್ ಪಾಸಿನ ನೆತ್ತಿ 7,834 ಅಡಿ. ಮೇಲಿನಿಂದ ಕೆಳಗಿನವರೆಗೂ ಪೆಡಲ್ ಮೇಲೆ ಕಾಲು ಇಟ್ಟುಕೊಂಡೇ ಬಂದರೆ ಅಷ್ಟು ಭಾರ ಇಳಿದು ಬಂದ ಬಿಸಿಯೆಲ್ಲ ಬ್ರೇಕಿನೊಳಗೇ ಸೇರುತ್ತದೆ. ಡಾಟ್ 3 ಬ್ರೇಕ್ ಆಯಿಲ್ ಹೊಸದಾಗಿದ್ದಾಗ ಕುದಿಯುವ ಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್. ಅದು ಗಾಳಿಯ ತೇವ ಹೀರುತ್ತಾ ಹೋದಂತೆ 140ರ ಆಸುಪಾಸಿಗೂ ಇಳಿಯಬಹುದು. ಆಯಿಲ್ ಕುದಿದು ಆವಿಯಾದರೆ ಪೆಡಲ್ ಒತ್ತಿದಾಗ ನೀವು ಆ ಆವಿಯನ್ನು ಅಮುಕುತ್ತೀರಿ, ಚಕ್ರ ಹಿಡಿಯುವುದಿಲ್ಲ. ಪೆಡಲ್ ಮೆತ್ತಗಾದದ್ದು ಹೀಗೆ. ಊರಿಗೆ ಬಂದ ಮೇಲೆ ಆಯಿಲ್ ಬದಲಿ ಮಾಡಿಸಿದಿರಾ? ಇಲ್ಲದಿದ್ದರೆ ಈ ವಾರವೇ ಮಾಡಿಸಿ.

ಇಳಿಯುವ ವೇಗವನ್ನು ನೆತ್ತಿಯ ಮೇಲೆಯೇ ತೀರ್ಮಾನಿಸಬೇಕು. ಅಲ್ಲೇ ನಿಧಾನಿಸಿ, ಭಾರ ಎಳೆಯುವಾಗ ಹಾಕುವ ಟೋ-ಹಾಲ್ ಮೋಡ್ ಹಾಕಿ, ಗೇರ್ ಕೆಳಗಿಳಿಸಿ. ಎಂಜಿನ್ನೇ ಗಾಡಿಯನ್ನು ತಡೆಯಲಿ. ಎಂಜಿನ್ ಸದ್ದು ಜೋರಾಗುತ್ತದೆ, ಹೆದರಬೇಡಿ, ಟ್ಯಾಕೊಮೀಟರಿನ ಕೆಂಪು ಗೆರೆ ಮುಟ್ಟದಿದ್ದರೆ ಆಯಿತು. ಆದರೂ ವೇಗ ಏರಿದರೆ ಒಮ್ಮೆ ಗಟ್ಟಿಯಾಗಿ ಬ್ರೇಕ್ ಹಾಕಿ ವೇಗವನ್ನು ಗಂಟೆಗೆ ಐದಾರು ಮೈಲಿ ತಗ್ಗಿಸಿ ಪೂರ್ತಿ ಬಿಟ್ಟುಬಿಡಿ. ಬಿಟ್ಟಾಗಲೇ ಅದು ತಣಿಯುವುದು. ಹಿಂದಿನವನು ಹಾರನ್ ಹೊಡೆದರೆ ಹೊಡೆಯಲಿ, ಲಾರಿಗಳ ಜೊತೆ ಬಲಗಡೆಯ ಲೇನಿನಲ್ಲೇ ಇರಿ.

ಟ್ರೇಲರ್ ಬ್ರೇಕ್ ತನ್ನ ಪಾಲಿನ ಕೆಲಸ ಮಾಡುತ್ತಿದೆಯೇ ಎಂದೂ ನೋಡಿ. ಖಾಲಿ, ಮಟ್ಟಸವಾದ ಜಾಗದಲ್ಲಿ 20–25 ಮೈಲಿ ವೇಗದಲ್ಲಿ ಕಂಟ್ರೋಲರಿನ ಹಿಡಿ ಮಾತ್ರ ಪೂರ್ತಿ ಒತ್ತಿ. ಟ್ರೇಲರ್ ಹಿಂದಿನಿಂದ ಜಗ್ಗಿದ್ದು ನಿಮಗೆ ಗೊತ್ತಾಗಬೇಕು, ಆದರೆ ಚಕ್ರ ಲಾಕ್ ಆಗಿ ಉಜ್ಜಬಾರದು. ಅದರ ನಡುವೆ ಕಂಟ್ರೋಲರಿನ ಗೇನ್ (ಬ್ರೇಕಿನ ಬಿಗಿ) ಹೊಂದಿಸಿ. ಟ್ರೇಲರ್ ಕಳಚಿಕೊಂಡರೆ ತಾನಾಗಿ ಬ್ರೇಕ್ ಬೀಳಿಸುವ ಬ್ರೇಕ್‌ಅವೇ ವೈರನ್ನು ಪಿಕಪ್ಪಿನ ಚೌಕಟ್ಟಿಗೇ ಸಿಕ್ಕಿಸಿ, ಸೇಫ್ಟಿ ಚೈನಿಗೆ ಅಲ್ಲ.

ಪ್ರಶ್ನೆ: ಟ್ರೇಲರ್ ಟೈರುಗಳ ಗುಂಡಿ (ಟ್ರೆಡ್) ಹೊಸದರಂತಿದೆ. ಹಿಂದಿನ ಮಾಲೀಕರು ಹೆಚ್ಚು ಓಡಿಸಿಲ್ಲವಂತೆ. ಬದಲಿಸಬೇಕಾ? (ಫೀನಿಕ್ಸ್‌ನಿಂದ)

ಉತ್ತರ: ಟೈರಿನ ಪಕ್ಕದಲ್ಲಿ ಡಾಟ್ (DOT) ಎಂದು ಶುರುವಾಗುವ ಅಕ್ಷರಗಳ ಕೊನೆಗೆ ನಾಲ್ಕು ಅಂಕಿ ನೋಡಿ. 2316 ಎಂದಿದ್ದರೆ 2016ರ 23ನೇ ವಾರ ತಯಾರಾದದ್ದು. ಅಷ್ಟು ಹಳೆಯದಾದರೆ ಗುಂಡಿ ಎಷ್ಟೇ ಇರಲಿ, ಬದಲಿಸಿ. ನಿಮ್ಮೂರಿನ ಬಿಸಿಲಿನಲ್ಲಿ ನಿಂತಲ್ಲೇ ರಬ್ಬರ್ ಸಾಯುತ್ತದೆ. ಎಸ್‌ಟಿ (ST) ಎಂದು ಬರೆದಿರುವ ಟ್ರೇಲರ್ ಟೈರನ್ನೇ ಹಾಕಿಸಿ, ಪಕ್ಕದಲ್ಲಿ ಬರೆದಿರುವ ಗರಿಷ್ಠ ಗಾಳಿಯನ್ನು ಟೈರ್ ತಣ್ಣಗಿರುವಾಗ ತುಂಬಿಸಿ. ಬೇರೆ ವೇಗ ನಮೂದಿಸಿಲ್ಲದಿದ್ದರೆ ಅವು 65 ಮೈಲಿಯ ಟೈರುಗಳು ಎಂದೇ ತಿಳಿಯಿರಿ, ರಸ್ತೆಯ ಫಲಕ 75 ಎಂದಿದ್ದರೂ. ಚಕ್ರ ಹಾಕಿಸಿ 50 ಮೈಲಿ ಓಡಿದ ಮೇಲೆ ನಟ್ಟುಗಳನ್ನು ಟಾರ್ಕ್ ವ್ರೆಂಚಿನಿಂದ ಮತ್ತೆ ಬಿಗಿಯಿರಿ.

ಪ್ರಶ್ನೆ: ನಮಸ್ಕಾರ್ರೀ ಅಕ್ಕಾರ. ನಮ್ಮಣ್ಣ ಹಂಗಾಮಿನ್ಯಾಗ ಟ್ರ್ಯಾಕ್ಟರಿಗೆ ಎರಡು ಟ್ರಾಲಿ ಹಚ್ಚಿ ಫ್ಯಾಕ್ಟರಿಗೆ ಕಬ್ಬು ಹೊಡೀತಾನ. ಏರು ಬಂದಾಗ ಮುಂದಿನ ಗಾಲಿ ನೆಲ ಬಿಡ್ತಾವ, ಇಳಕಲಿನ್ಯಾಗ ಟ್ರಾಲಿ ಹಿಂದಿಂದ ನೂಕ್ತಾವ. ಟ್ರಾಲಿಗೆ ಬ್ರೇಕ್ ಇಲ್ಲ. ಎಲ್ಲಾರೂ ಹಿಂಗ ಹೊಡೀತಾರ ಅಂತಾನ. ಅವಗ ಏನ್ ಹೇಳೂದ್ರೀ? (ಜಮಖಂಡಿಯಿಂದ)

ಉತ್ತರ: ತಮ್ಮಾ, ಈ ತಿಂಗಳು ಬಂದ ಕಾಗದಗಳಲ್ಲಿ ನನ್ನ ನಿದ್ದೆ ಕೆಡಿಸಿದ್ದು ನಿನ್ನದು. ಟೆಕ್ಸಾಸಿನವರ ಹತ್ತಿರ ಬ್ರೇಕ್ ಇರುವ ಟ್ರೇಲರ್ ಇದೆ, ತೂಕ ಹಾಕಿಸಲು ಹಣ ಇದೆ. ನಿಮ್ಮಣ್ಣ ಅದಕ್ಕಿಂತ ಎಷ್ಟೋ ಹೆಚ್ಚು ಭಾರವನ್ನು ಟ್ರ್ಯಾಕ್ಟರಿನ ಎರಡು ಹಿಂದಿನ ಗಾಲಿಯ ಬ್ರೇಕಿನ ಮೇಲೆ ನಿಲ್ಲಿಸಬೇಕು. ಅದೂ ರಾತ್ರಿ, ಪಾಳಿಯ ಗಡಿಬಿಡಿಯಲ್ಲಿ.

ಮುಂದಿನ ಗಾಲಿ ನೆಲ ಬಿಟ್ಟ ಗಳಿಗೆಯಲ್ಲಿ ಸ್ಟೀರಿಂಗ್ ಇಲ್ಲವೆಂದೇ ಲೆಕ್ಕ. ಕೊಂಡಿ ಎತ್ತರವಾದಷ್ಟೂ ಈ ಏಳುವಿಕೆ ಹೆಚ್ಚು. ಕಂಪನಿ ಕೊಟ್ಟ ಹಿಚ್ಚನ್ನು ಬಿಟ್ಟು ಮೇಲೆ ಇನ್ನೊಂದು ಬೆಸುಗೆ ಹಾಕಿಸಿದ್ದರೆ ಅದನ್ನು ತೆಗೆಸು, ಹಿಂದಿನ ಆಕ್ಸಲಿಗಿಂತ ಮೇಲೆ ಯಾವತ್ತೂ ಕೊಂಡಿ ಹಾಕಬಾರದು. ಮುಂದೆ ತೂಕದ ಪ್ಲೇಟುಗಳನ್ನು ಕಂಪನಿ ಹೇಳಿದಷ್ಟು ಹಾಕಿಸಿ. ಅಷ್ಟಾದರೂ ಏಳುತ್ತಿದ್ದರೆ ಭಾರ ಹೆಚ್ಚಾಗಿದೆ ಎಂದೇ ಅರ್ಥ, ಕಬ್ಬು ಇಳಿಸಬೇಕು.

ಬಲಗಾಲಿನ ಕೆಳಗೆ ಎರಡು ಬ್ರೇಕ್ ಪೆಡಲ್ ಇವೆಯಲ್ಲ, ಎಡಗಡೆಯ ಚಕ್ರಕ್ಕೊಂದು, ಬಲಗಡೆಯ ಚಕ್ರಕ್ಕೊಂದು. ಹೊಲದಲ್ಲಿ ತಿರುಗಿಸಲು ಬಿಡಿಯಾಗಿ ಬೇಕು. ರಸ್ತೆಗೆ ಬರುವ ಮೊದಲು ಅವೆರಡನ್ನೂ ಸೇರಿಸುವ ಚಿಲಕ ಹಾಕಲೇಬೇಕು. ಭಾರ ಹೇರಿದಾಗ ಒಂದೇ ಪೆಡಲ್ ಬಿದ್ದರೆ ಟ್ರ್ಯಾಕ್ಟರ್ ಅಡ್ಡ ತಿರುಗುತ್ತದೆ, ಹಿಂದಿನ ಎರಡು ಟ್ರಾಲಿ ಅದರ ಮೇಲೇ ಬರುತ್ತವೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ, ಇವತ್ತೇ ನೋಡು. ಇಳಿಜಾರಿನಲ್ಲಿ ಡೀಸೆಲ್ ಉಳಿಯಲಿ ಎಂದು ನ್ಯೂಟ್ರಲ್ ಮಾಡುವುದು, ಕ್ಲಚ್ ತುಳಿದುಕೊಂಡು ಬರುವುದು ಬೇಡವೇ ಬೇಡ. ಯಾವ ಗೇರಿನಲ್ಲಿ ಏರು ಹತ್ತುತ್ತಾನೋ ಅದೇ ಗೇರಿನಲ್ಲಿ ಇಳಿಯಲಿ. ಟ್ರಾಲಿಗೆ ಬ್ರೇಕ್ ಮಾಡಿಸುವವರೆಗೆ ಎರಡನೇ ಟ್ರಾಲಿ ಬಿಚ್ಚಿಡಿ. ಖೇಪು ಹೆಚ್ಚಾಗುತ್ತದೆ, ಬಾಡಿಗೆ ಕಮ್ಮಿ ಬೀಳುತ್ತದೆ, ನನಗೆ ಗೊತ್ತು. ಗೊತ್ತಿದ್ದೇ ಹೇಳುತ್ತಿದ್ದೇನೆ. ಎಲ್ಲರೂ ಹಿಂಗ ಹೊಡೀತಾರ ಅಂದರೆ ಎಲ್ಲರ ಟ್ರಾಲಿಯೂ ಇಳಿಜಾರಿನಲ್ಲಿ ನೂಕುತ್ತದೆ ಎಂದಾಯಿತು, ಅಷ್ಟೇ. ಅತಿಭಾರ ಹಿಡಿದರೆ ಮೋಟಾರು ವಾಹನ ಕಾಯ್ದೆಯ 194ನೇ ಕಲಮಿನಲ್ಲಿ 2019ರ ತಿದ್ದುಪಡಿಯ ನಂತರ 20,000 ರೂಪಾಯಿ ದಂಡ, ಹೆಚ್ಚಾದ ಪ್ರತಿ ಟನ್ನಿಗೆ ಇನ್ನೂ 2,000. ಅಣ್ಣನಿಗೆ ಈ ಲೆಕ್ಕವನ್ನೂ ಹೇಳು.

ಕೊಂಡಿಯ ಪಿನ್ನಿನ ಜಾಗದಲ್ಲಿ ಕಟ್ಟಡದ ಸರಳು ಬಗ್ಗಿಸಿ ಹಾಕಿರುವುದನ್ನು ಊರಿಗೆ ಬಂದಾಗಲೆಲ್ಲ ನೋಡುತ್ತೇನೆ. ಸರಿಯಾದ ದಪ್ಪದ ಪಿನ್ನು, ಕೆಳಗೆ ಕ್ಲಿಪ್ಪು, ಜೊತೆಗೆ ಒಂದು ಗಟ್ಟಿ ಚೈನು ಇರಲಿ. ಎರಡು ಟ್ರಾಲಿಗಳ ನಡುವೆಯೂ.

ರಾತ್ರಿಯ ಮಾತು ಬಹಳ ಮುಖ್ಯ. ಕಬ್ಬಿನ ಜಲ್ಲೆ ಹಿಂದಕ್ಕೆ, ಪಕ್ಕಕ್ಕೆ ಚಾಚಿ ಟ್ರಾಲಿಯ ದೀಪ, ರಿಫ್ಲೆಕ್ಟರು ಎರಡನ್ನೂ ಮುಚ್ಚಿಬಿಡುತ್ತದೆ. ಹಿಂದೆ ಬರುವ ಬೈಕಿನವನಿಗೆ ಕತ್ತಲಲ್ಲಿ ಕತ್ತಲೇ ಕಾಣುವುದು. ಹೇರು ಕಟ್ಟಿದ ಮೇಲೆ, ಜಲ್ಲೆಯ ಹೊರತುದಿಗೆ ಬರುವ ಹಾಗೆ ಕೆಂಪು ರಿಫ್ಲೆಕ್ಟರ್ ಪಟ್ಟಿ ಹೊಲಿದ ಬಟ್ಟೆಯನ್ನು ಹಗ್ಗಕ್ಕೆ ಕಟ್ಟಿ. ಟ್ರಾಲಿಯ ಹಲಗೆಗೆ ಅಂಟಿಸಿದ ಪಟ್ಟಿ ಸಾಲದು. ಪಂಕ್ಚರ್ ಆದರೆ ಸಾಧ್ಯವಾದಷ್ಟು ರಸ್ತೆ ಬಿಟ್ಟು ಕೆಳಗಿಳಿಸಿ. ಗಾಲಿಗೆ ಕೊಟ್ಟ ಕಲ್ಲನ್ನು ಹೊರಡುವಾಗ ರಸ್ತೆಯ ಮೇಲೇ ಬಿಟ್ಟು ಹೋಗಬೇಡಿ, ಟ್ರಾಲಿಯೊಳಗೆ ಹಾಕಿಕೊಳ್ಳಿ. ಕಬ್ಬು ಕಡಿಯುವ ಗ್ಯಾಂಗಿನವರನ್ನು, ಅವರ ಮಕ್ಕಳನ್ನು ಹೇರಿನ ಮೇಲೆ ಕೂರಿಸಿಕೊಂಡು ಬರುವುದನ್ನು ಮೊದಲು ನಿಲ್ಲಿಸಲಿ.

ಟ್ರಾಲಿಗೆ ಬ್ರೇಕ್ ಕೂರಿಸುವ ವಿಷಯ ಟ್ರಾಲಿಯನ್ನು ನೋಡದೆ ಹೇಳುವುದು ಸರಿಯಲ್ಲ. ಟ್ರ್ಯಾಕ್ಟರಿನ ಮಾಡೆಲ್, ಟ್ರಾಲಿಯ ತಗಡಿನ ಮೇಲೆ ಕೊರೆದಿರುವ ತೂಕದ ವಿವರ, ಕೊಂಡಿಯ ಎರಡು ಫೋಟೊ, ಆಕ್ಸಲಿನದೊಂದು ಫೋಟೊ ಕಳಿಸು. ಹಂಗಾಮು ಶುರುವಾಗುವ ಮುಂಚಿನ ಸಂಚಿಕೆಯಲ್ಲಿ ಅದಕ್ಕೇ ಪ್ರತ್ಯೇಕವಾಗಿ ಬರೆಯುತ್ತೇನೆ. ನಿನ್ನಂತೆ ಟ್ರಾಲಿ ಇರುವ ಬೇರೆಯವರೂ ಕಳಿಸಬಹುದು.